ಟರಂಟುಲಾಗೆ ಅಂಗೈ ಬೇಡ, ಒಳ್ಳೆಯ ಪೆಟ್ಟಿಗೆ ಬೇಕು

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗಳ ಪುರವಣಿಗಳಲ್ಲಿ ಟರಂಟುಲಾ ಜೇಡದ ಚಿತ್ರ ಬಂದರೆ ಅದು ಹೆಚ್ಚಾಗಿ ಎರಡು ಬಗೆಯದು. ಒಂದೋ ಯಾರದೋ ಅಂಗೈ ಮೇಲೆ ಕೂತಿರುತ್ತದೆ, ಇಲ್ಲವೇ ಮುಂಗಾಲು ಮೇಲೆತ್ತಿ ವಿಷದಂತ ತೋರಿಸುತ್ತಾ ಸೆಟೆದು ನಿಂತಿರುತ್ತದೆ. ಮೊದಲನೆಯದನ್ನು ನೋಡಿದವರು ಮುದ್ದಾಗಿದೆ ಅನ್ನುತ್ತಾರೆ, ಎರಡನೆಯದನ್ನು ನೋಡಿದವರು ಮೈ ಜುಂ ಎಂದಿತು ಅನ್ನುತ್ತಾರೆ. ಈ ಜೇಡಗಳನ್ನು ಸಾಕುತ್ತಾ, ಅವುಗಳ ಚಿತ್ರ ತೆಗೆಯುತ್ತಾ ಬಂದಿರುವ ನಮಗೆ ಎರಡರಲ್ಲೂ ಕಾಣುವುದು ಕಾಟಕ್ಕೆ ಸಿಕ್ಕಿದ ಒಂದು ಪ್ರಾಣಿ. ಹೊಸದಾಗಿ ಸಾಕಲು ಹೊರಟವರು ಪುಸ್ತಕಕ್ಕಿಂತ ಮೊದಲು ಇಂಥ ಚಿತ್ರಗಳನ್ನು ನೋಡುತ್ತಾರೆ. ಕೈಗೆತ್ತಿಕೊಂಡು ಆಡಿಸುವುದೇ ಸಾಕಣೆ ಎಂದುಕೊಳ್ಳುತ್ತಾರೆ. ಆದ್ದರಿಂದ ಈ ಜೇಡವನ್ನು ಹೇಗೆ ಇಡಬೇಕು, ಮುಟ್ಟದೆಯೇ ಅದರ ಚಿತ್ರ ಹೇಗೆ ತೆಗೆಯಬಹುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತು, ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಅಂಗೈ ವಿಚಾರ. ಟರಂಟುಲಾದ ಹೊಟ್ಟೆಗೆ ಗಟ್ಟಿ ಕವಚವಿಲ್ಲ. ಹೃದಯ, ಉಸಿರಾಟದ ಅಂಗ, ರೇಷ್ಮೆ ಗ್ರಂಥಿ ಎಲ್ಲವೂ ಇರುವುದು ತೆಳುವಾದ ಆ ಚರ್ಮದ ಚೀಲದೊಳಗೆ. ಕಾಲುಗಳನ್ನು ಮಡಚಲು ಅದಕ್ಕೆ ಸ್ನಾಯುಗಳಿವೆ, ಆದರೆ ಚಾಚಲು ಅದು ದೇಹದ್ರವದ ಒತ್ತಡವನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿದೆ. ನಿಂತವರ ಕೈಯಿಂದ ದೊಡ್ಡ ಜೇಡವೊಂದು ನೆಲಕ್ಕೆ ಬಿದ್ದರೆ ಹೊಟ್ಟೆ ಒಡೆಯುತ್ತದೆ, ದ್ರವ ಸೋರುತ್ತದೆ, ಒತ್ತಡ ಇಳಿಯುತ್ತದೆ. ಆಮೇಲೆ ಅದು ಎದ್ದು ನಡೆಯುವುದೇ ಕಷ್ಟ, ಬಹಳ ಸಲ ಬದುಕುವುದೂ ಇಲ್ಲ. ಮೈ ತೂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಕೈ ಮೇಲೆ ಸುಮ್ಮನೆ ಕೂತಿತೆಂದರೆ ಅದಕ್ಕೆ ಹಿತವಾಗಿದೆ ಎಂದಲ್ಲ. ಗೊತ್ತಿಲ್ಲದ ಬೆಚ್ಚನೆಯ ನೆಲದ ಮೇಲೆ ಏನು ಮಾಡಬೇಕೆಂದು ತೋಚದೆ ಕೂತಿರುತ್ತದೆ. ಕೈಯ ಒಡೆಯ ಸ್ವಲ್ಪ ಬೆಚ್ಚಿದರೂ ಸಾಕು, ಓಡುತ್ತದೆ.

ಅಪಾಯ ನಮ್ಮ ಕಡೆಗೂ ಇದೆ. ಅಮೆರಿಕ ಖಂಡಗಳ ಟರಂಟುಲಾಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಮೇಲೆ ನವೆ ಹುಟ್ಟಿಸುವ ಸೂಕ್ಷ್ಮ ರೋಮಗಳಿರುತ್ತವೆ. ಬೆದರಿದಾಗ ಹಿಂಗಾಲಿನಿಂದ ಉಜ್ಜಿ ಅವನ್ನು ಗಾಳಿಗೆ ಹಾರಿಸುತ್ತವೆ. ಮುಳ್ಳುಗಳಿರುವ ಈ ರೋಮ ಚರ್ಮಕ್ಕೆ ಬಿದ್ದರೆ ದಿನಗಟ್ಟಲೆ ತುರಿಕೆ, ಕಣ್ಣಿಗೆ ಹೊಕ್ಕರೆ ತಿಂಗಳುಗಟ್ಟಲೆ ಉರಿಯೂತ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ರೋಮವಿಲ್ಲ. ಅವು ಕಾಲಿನ ವೇಗವನ್ನೂ ವಿಷವನ್ನೂ ನಂಬಿವೆ. ಟರಂಟುಲಾ ಕಡಿತದಿಂದ ಮನುಷ್ಯರು ಸತ್ತ ದೃಢ ದಾಖಲೆ ಇಲ್ಲ, ನಿಜ. ಆದರೆ ಭಾರತ ಮತ್ತು ಶ್ರೀಲಂಕಾದ ಮರಗಳಲ್ಲಿ ವಾಸಿಸುವ ಪೋಸಿಲೋಥೀರಿಯಾ ಕುಲದ ಜೇಡ ಕಡಿದರೆ ಸ್ನಾಯು ಸೆಳೆತ ದಿನಗಟ್ಟಲೆ, ಕೆಲವರಲ್ಲಿ ವಾರಗಟ್ಟಲೆ ಮರುಕಳಿಸುತ್ತದೆ. ಚಿತ್ರಕ್ಕಾಗಿ ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಳ್ಳುವ ಅಗತ್ಯವೇ ಇಲ್ಲ.

ಈಗ ಪೆಟ್ಟಿಗೆ. ನಮ್ಮ ಮಟ್ಟಿಗೆ ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲೇ ಪೆಟ್ಟಿಗೆಯಲ್ಲಿ ನಿರ್ಧಾರವಾಗಿರುತ್ತದೆ. ಅಳತೆಗೆ ಜೇಡದ ಕಾಲಗಲವೇ ಆಧಾರ, ಅಂದರೆ ಒಂದು ಬದಿಯ ಮೊದಲ ಕಾಲಿನ ತುದಿಯಿಂದ ಇನ್ನೊಂದು ಬದಿಯ ಕೊನೆಯ ಕಾಲಿನ ತುದಿಗೆ ಓರೆಯಾಗಿ ಅಳೆದ ದೂರ. ನೆಲದ ಮೇಲೆ ವಾಸಿಸುವ ಜಾತಿಗೆ ಪೆಟ್ಟಿಗೆಯ ಉದ್ದ ಕಾಲಗಲದ ಮೂರರಷ್ಟು, ಅಗಲ ಎರಡರಷ್ಟು ಇರಲಿ. ಮಣ್ಣಿನ ಮೇಲ್ಮೈಯಿಂದ ಮುಚ್ಚಳದವರೆಗಿನ ಎತ್ತರ ಒಂದೂವರೆಪಟ್ಟು ಮೀರಬಾರದು. 12 ಸೆಂ.ಮೀ. ಕಾಲಗಲದ ಜೇಡಕ್ಕೆ 36 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ, ಮಣ್ಣಿನ ಮೇಲೆ ಹೆಚ್ಚೆಂದರೆ 18 ಸೆಂ.ಮೀ. ಖಾಲಿ ಜಾಗ. ಈ ಎತ್ತರದ ಮಿತಿ ಬಹಳ ಮುಖ್ಯ, ಏಕೆಂದರೆ ಇವು ಗೋಡೆ ಹತ್ತುತ್ತವೆ, ಹತ್ತಿ ಬೀಳುತ್ತವೆ. ಅಂಗಡಿಗಳಲ್ಲಿ ಮೀನಿಗೆಂದು ಮಾರುವ ಎತ್ತರದ ಗಾಜಿನ ತೊಟ್ಟಿ ಸಿಕ್ಕಿದ್ದರೆ ಅದನ್ನು ಬಿಸಾಡಬೇಕಿಲ್ಲ, ಮಣ್ಣು ಹೆಚ್ಚು ತುಂಬಿದರಾಯಿತು. ಮರದ ಮೇಲೆ ವಾಸಿಸುವ ಜಾತಿಗಳಿಗೆ ಲೆಕ್ಕ ತಿರುಗುಮುರುಗು: 20 ಸೆಂ.ಮೀ. ಚದರದ ತಳ, 30 ಸೆಂ.ಮೀ. ಎತ್ತರ, ಓರೆಯಾಗಿ ನಿಲ್ಲಿಸಿದ ತೊಗಟೆಯ ಕೊಳವೆ.

ಮಣ್ಣಿಗೆ ಗೊಬ್ಬರ ಬೆರೆಸದ ತೆಂಗಿನ ನಾರಿನ ಪುಡಿ ಸಾಕು. 36 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲದ ತಳಕ್ಕೆ 10 ಸೆಂ.ಮೀ. ಆಳ ತುಂಬಲು ಎಂಟೂವರೆ ಲೀಟರಿನಷ್ಟು ಬೇಕು. 650 ಗ್ರಾಂ ತೂಕದ ಒತ್ತಿದ ಇಟ್ಟಿಗೆಯೊಂದನ್ನು ನೀರಲ್ಲಿ ನೆನೆಸಿದರೆ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ನೆನೆದ ಮೇಲೆ ಹಿಂಡಿ, ಹರಡಿ ಆರಿಸಬೇಕು. ಮುಷ್ಟಿಯಲ್ಲಿ ಅದುಮಿದಾಗ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಆ ಹದದಲ್ಲಿ ಹಾಕಿ ಅಂಗೈಯಿಂದ ಗಟ್ಟಿಯಾಗಿ ಒತ್ತಬೇಕು. ಸಡಿಲ ಬಿಟ್ಟರೆ ಜೇಡ ಬಿಲ ಕೊರೆಯಲಾರದು, ಮೆತ್ತಗೆ ಹೂತುಹೋಗುವ ನೆಲದ ಮೇಲೆ ಕಾಲಿಡಲೂ ಹಿಂಜರಿಯುತ್ತದೆ, ಎಷ್ಟೋ ದಿನ ಗೋಡೆಗೇ ಅಂಟಿಕೊಂಡಿರುತ್ತದೆ. ಬಿಲ ತೋಡುವ ಜಾತಿಗಳಿಗೆ 15ರಿಂದ 20 ಸೆಂ.ಮೀ. ಆಳ ಕೊಡಿ. ಜಲ್ಲಿಕಲ್ಲು, ದೇವದಾರು ಜಾತಿಯ ಮರದ ಹೊಟ್ಟು ಯಾವುದಕ್ಕೂ ಬೇಡ. ಕಲ್ಲು ಹೊಟ್ಟೆಗೆ ಗೀರುತ್ತದೆ, ಆ ಹೊಟ್ಟಿನ ಎಣ್ಣೆಯ ಆವಿ ಜೇಡಕ್ಕೆ ವಿಷ.

ಗಾಳಿಗೆ ಎದುರುಬದುರು ಗೋಡೆಗಳಲ್ಲಿ 2-3 ಮಿ.ಮೀ. ತೂತುಗಳ ಸಾಲು ಕೊರೆಯಬೇಕು. ಮರಿಗಳ ಡಬ್ಬಿಗೆ ಇದಕ್ಕಿಂತ ಸಣ್ಣ ತೂತು ಬೇಕು, ತಲೆ ತೂರುವ ತೂತಿನಲ್ಲಿ ಮರಿ ಇಡೀ ಮೈ ತೂರಿಸಿಕೊಂಡು ಹೋಗುತ್ತದೆ. ಲೋಹದ ಜಾಲರಿಯ ಮುಚ್ಚಳ ಮಾತ್ರ ಖಂಡಿತ ಬೇಡ. ಕಾಲ ತುದಿಯ ಉಗುರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಜೇಡ ತಲೆಕೆಳಗಾಗಿ ಜೋತಾಡುತ್ತದೆ, ಕೊನೆಗೆ ಕಾಲು ಕಳಚಿಕೊಂಡು ಬೀಳುತ್ತದೆ. ತೇವಕ್ಕಾಗಿ ಇಡೀ ಪೆಟ್ಟಿಗೆಗೆ ನೀರು ಸಿಂಪಡಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ಮೇಲೆ ಬೂಷ್ಟು ಹಿಡಿಯುತ್ತದೆ, ಕೆಳಗೆ ಒಣಗಿಯೇ ಇರುತ್ತದೆ. ಒಂದು ಮೂಲೆಯಲ್ಲಿ ನೀರು ಸುರಿದು ತಳಕ್ಕೆ ಇಳಿಯಲು ಬಿಟ್ಟರೆ ಮೇಲೆ ಒಣಗಿ ಅಡಿಯಲ್ಲಿ ತಂಪಾಗಿರುತ್ತದೆ, ಯಾವ ಕಡೆ ಬೇಕೆಂದು ಜೇಡವೇ ಆರಿಸಿಕೊಳ್ಳುತ್ತದೆ. ಅವಿಕುಲೇರಿಯಾದಂಥ ಮರವಾಸಿ ಜಾತಿಗಳ ಮರಿಗಳು ಸಾಯುವುದು ತೇವ ಸಾಲದೆ ಅನ್ನುವುದಕ್ಕಿಂತ ಗಾಳಿಯಾಡದ ಒದ್ದೆ ಡಬ್ಬಿಯಲ್ಲಿ. ನೀರಿಗೆ ಅಗಲವಾದ ಚಿಕ್ಕ ಬಟ್ಟಲಿಡಿ. ಸ್ಪಂಜು, ಹತ್ತಿ ಹಾಕಬೇಡಿ, ಅವು ಕೊಳೆತು ನಾರುತ್ತವೆ. ಜೇಡ ಬಟ್ಟಲಿನಲ್ಲಿ ಮುಳುಗಿ ಸಾಯುವುದಿಲ್ಲ. ದಂತಗಳೆರಡನ್ನೂ ಅಗಲಿಸಿ ಬಾಯನ್ನು ನೀರಿಗೆ ಊರಿ ನಿಮಿಷಗಟ್ಟಲೆ ಅಲುಗಾಡದೆ ಕುಡಿಯುತ್ತದೆ. ಚಿತ್ರಕ್ಕೆ ಇಷ್ಟು ಸಾವಕಾಶ ಕೊಡುವ ಗಳಿಗೆ ಇನ್ನೊಂದಿಲ್ಲ, ಆದ್ದರಿಂದ ಬಟ್ಟಲನ್ನು ಹಿಂದಿನ ಮೂಲೆಗೆ ತಳ್ಳದೆ ಮುಂದಿನ ಗೋಡೆಯಿಂದ ಏಳೆಂಟು ಸೆಂ.ಮೀ. ಒಳಗೆ ಇಡುವುದು ಜಾಣತನ.

ಅಡಗುದಾಣವನ್ನೂ ಹೀಗೇ ಯೋಚಿಸಿ ಇಡಬೇಕು. ತೊಗಟೆಯ ತುಂಡೊಂದನ್ನು ಓರೆಯಾಗಿ ಅರ್ಧ ಹೂತು, ಅದರ ಬಾಯಿ ಮುಂದಿನ ಗೋಡೆಯ ಕಡೆ ತಿರುಗಿರುವಂತೆ ಮಾಡಿದರೆ ಸಂಜೆ ಹೊರಬಂದು ಬಾಗಿಲಲ್ಲೇ ಕೂರುವ ಜೇಡ ತಾನಾಗಿ ಕ್ಯಾಮೆರಾಕ್ಕೆ ಎದುರಾಗುತ್ತದೆ. ಅಡಗಲು ಜಾಗ ಇಲ್ಲದಿದ್ದರೆ ಚಿತ್ರ ಸುಲಭ ಎಂದು ಕೆಲವರು ಬೋಳು ಪೆಟ್ಟಿಗೆಯಲ್ಲಿ ಇಡುತ್ತಾರೆ. ಆಗುವುದು ಉಲ್ಟಾ. ಅಡಗಲು ಜಾಗವಿರುವ ಜೇಡ ಧೈರ್ಯವಾಗಿ ಹೊರಗೆ ಬರುತ್ತದೆ, ಇಲ್ಲದ್ದು ಮೂಲೆಯಲ್ಲಿ ಕಾಲುಗಳನ್ನು ತಲೆಯ ಮೇಲೆ ಮಡಚಿ ಮುದುಡಿ ಕೂರುತ್ತದೆ.

ಬಿಸಿಯ ವಿಷಯದಲ್ಲಿ ಹೇಳುವುದು ಕಡಿಮೆ. 22ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಬೇರೆ ಬಿಸಿ ಬೇಕಿಲ್ಲ. ಪೆಟ್ಟಿಗೆಯ ಅಡಿ ಬಿಸಿ ಮಾಡುವ ಚಾಪೆ ಇಡುವುದು ತಪ್ಪು: ಸೆಕೆಯಾದರೆ ಜೇಡ ಕೆಳಗೆ ತೋಡುತ್ತದೆ, ತೋಡಿದಷ್ಟೂ ಬಿಸಿಗೇ ಹತ್ತಿರವಾಗುತ್ತದೆ. ಮೇಲಿನ ದೀಪ ಮೈಯ ನೀರನ್ನು ಆರಿಸುತ್ತದೆ. ಇದಕ್ಕಿಂತ ಹೆಚ್ಚು ಜನ ಮರೆಯುವುದು ಸೊಳ್ಳೆ ಔಷಧಿಯನ್ನು. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ದ್ರವ, ಜಿರಲೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿ ಇರುವ ಪೈರಿಥ್ರಾಯ್ಡ್ ಕೀಟಗಳ ನರವನ್ನು ಕೆಡಿಸುವ ವಿಷ, ಜೇಡಕ್ಕೂ ಅದೇ ಗತಿ. ಜೇಡವಿರುವ ಕೋಣೆಯಲ್ಲಿ ಇವು ಯಾವುದೂ ಇರಬಾರದು, ಕೈಗೆ ಸೊಳ್ಳೆ ಕ್ರೀಮು ಹಚ್ಚಿಕೊಂಡು ಪೆಟ್ಟಿಗೆಯೊಳಗೆ ಕೈ ಹಾಕಲೂಬಾರದು.

ಆಹಾರವಾಗಿ ಸಾಕಿದ ಚಿಮ್ಮಂಡೆ, ಜಿರಲೆ, ಮೀಲ್‌ವರ್ಮ್ (ಒಂದು ಬಗೆಯ ದುಂಬಿಯ ಮರಿಹುಳು) ಸಾಕು. ಬೇಟೆ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಬೆಳೆದ ಜೇಡಕ್ಕೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಮರಿಗೆ ವಾರಕ್ಕೆ ಎರಡು ಸಲ. ಮೀಲ್‌ವರ್ಮ್ ಮಣ್ಣಿನೊಳಗೆ ಹೂತುಕೊಳ್ಳುತ್ತದೆ, ಆದ್ದರಿಂದ ತಲೆ ಜಜ್ಜಿ ಹಾಕಬೇಕು. ತೋಟದಲ್ಲಿ ಹಿಡಿದ ಹುಳು ಬೇಡ, ಕೀಟನಾಶಕವೋ ಪರೋಪಜೀವಿಯೋ ಜೊತೆಗೆ ಬರುತ್ತದೆ. ತಿನ್ನದೆ ಉಳಿದದ್ದನ್ನು 24 ಗಂಟೆಯೊಳಗೆ ತೆಗೆಯಬೇಕು. ಏಕೆ ಎಂಬುದು ಮುಂದಿನ ಮಾತಿನಲ್ಲಿ ತಿಳಿಯುತ್ತದೆ.

ಪೊರೆ ಬಿಡುವುದು ಈ ಪ್ರಾಣಿಯ ಬಾಳಿನ ಅತಿ ದೊಡ್ಡ ಘಟ್ಟ, ಸಾಕುವವರು ಅತಿ ಹೆಚ್ಚು ತಪ್ಪು ಮಾಡುವುದೂ ಇಲ್ಲೇ. ಮರಿಗಳು ಒಂದೆರಡು ತಿಂಗಳಿಗೊಮ್ಮೆ ಬಿಡಬಹುದು, ಬೆಳೆದ ಹೆಣ್ಣು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಮುನ್ಸೂಚನೆ ಸ್ಪಷ್ಟವಾಗಿಯೇ ಇರುತ್ತದೆ: ಊಟ ಬಿಡುತ್ತದೆ, ಬಣ್ಣ ಮಂಕಾಗುತ್ತದೆ, ಹೊಟ್ಟೆಯ ಮೇಲೆ ರೋಮ ಉದುರಿ ಬೋಳಾದ ಜಾಗವಿದ್ದರೆ ಅದು ತಿಳಿಬಣ್ಣದಿಂದ ಕಪ್ಪಿಗೆ ತಿರುಗುತ್ತದೆ. ಒಳಗೆ ಸಿದ್ಧವಾದ ಹೊಸ ರೋಮ ಹಳೆಯ ಚರ್ಮದ ಮೂಲಕ ಕಾಣುವುದರಿಂದ ಆ ಕಪ್ಪು. ಆಮೇಲೆ ನೆಲದ ಮೇಲೆ ರೇಷ್ಮೆಯ ಹಾಸು ನೇಯ್ದು ಅದರ ಮೇಲೆ ಅಂಗಾತ ಮಲಗುತ್ತದೆ. ಇದನ್ನು ಕಂಡು ಸತ್ತೇಹೋಯಿತೆಂದು ತಿರುಗಿಸಿ ಹಾಕಿದವರು, ಕಡ್ಡಿಯಿಂದ ಚುಚ್ಚಿ ನೋಡಿದವರು, ಎಸೆದವರು ಕೂಡ ಇದ್ದಾರೆ. ಸತ್ತ ಟರಂಟುಲಾ ಅಂಗಾತ ಮಲಗಿರುವುದಿಲ್ಲ. ಒತ್ತಡ ಇಳಿದು ಕಾಲುಗಳೆಲ್ಲ ಎದೆಯಡಿ ಸುರುಟಿಕೊಂಡು ಬೋರಲಾಗಿ ಕುಸಿದಿರುತ್ತದೆ.

ಅಂಗಾತ ಮಲಗಿದ ಮೇಲೆ ಬಹಳ ಹೊತ್ತು ಏನೂ ನಡೆಯದಂತೆ ಕಾಣುತ್ತದೆ. ಆಮೇಲೆ ಬೆನ್ನಿನ ಚಿಪ್ಪಿನ ಅಂಚು ಸುತ್ತಲೂ ಬಿರಿಯುತ್ತದೆ, ಹೊಟ್ಟೆಯ ಪಕ್ಕದ ಚರ್ಮ ಸೀಳುತ್ತದೆ. ಹೊಸ ಕಾಲುಗಳನ್ನು ಹಳೆಯ ಕಾಲುಗಳೊಳಗಿಂದ ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತದೆ. ಒಂದು ಎಳೆತ, ಒಂದು ವಿರಾಮ, ಮತ್ತೆ ಎಳೆತ. ಒಳಗಿನಿಂದ ಬರುವ ಕಾಲು ಒದ್ದೆಯಾಗಿ, ಬಿಳಿಚಿಕೊಂಡು, ಮೆತ್ತಗಿರುತ್ತದೆ. ಕೊನೆಗೆ ಹೊರಬಂದಾಗ ವಿಷದಂತಗಳು ಹಾಲಿನಷ್ಟು ಬಿಳುಪು. ದಿನ ಕಳೆದಂತೆ ಕೆಂಪಾಗಿ, ಆಮೇಲೆ ಕಪ್ಪಾಗುತ್ತವೆ. ಕಪ್ಪಾಗುವವರೆಗೆ ಬೇಟೆ ಹಾಕಬಾರದು, ಬೆಳೆದ ಜೇಡಕ್ಕೆ ಹತ್ತು ದಿನದಿಂದ ಎರಡು ವಾರ ಕಾಯಬೇಕು. ಈ ಮೆತ್ತಗಿನ ಅವಸ್ಥೆಯಲ್ಲಿ ಪೆಟ್ಟಿಗೆಯಲ್ಲಿ ಉಳಿದುಹೋದ ಒಂದು ಚಿಮ್ಮಂಡೆ ಸಾಕು ಜೇಡವನ್ನೇ ಕಡಿದು ಕೊಲ್ಲಲು.

ಪೊರೆ ಬಿಡುವುದನ್ನು ಚಿತ್ರಿಸುವ ಆಸೆ ತಪ್ಪಲ್ಲ. ಪೆಟ್ಟಿಗೆಯನ್ನು ಅಲುಗಿಸದೆ, ಮುಚ್ಚಳ ತೆರೆಯದೆ ಹೊರಗಿನಿಂದ ತೆಗೆಯಬೇಕು. ಟ್ರೈಪಾಡ್ ನಿಲ್ಲಿಸುವಾಗ ಪೆಟ್ಟಿಗೆ ಇಟ್ಟ ಮೇಜಿಗೆ ತಾಗಬಾರದು. ಬಿಸಿ ಹೊರಸೂಸದ ಸಣ್ಣ ಎಲ್‌ಇಡಿ ದೀಪ ಒಂದನ್ನು ಮಂದವಾಗಿ ಬದಿಯಲ್ಲಿಡಿ. ಫೋಕಸ್, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್ ಮೂರನ್ನೂ ಕೈಯಿಂದಲೇ ನಿಗದಿ ಮಾಡಿ, ಇಲ್ಲದಿದ್ದರೆ ಚಿತ್ರದಿಂದ ಚಿತ್ರಕ್ಕೆ ಬಣ್ಣ ಕುಣಿಯುತ್ತದೆ. ಲೆನ್ಸಿನ ರಂಧ್ರ ಎಫ್/8, ಬೆಳಕಿನ ಸಂವೇದನೆ ಐಎಸ್ಒ 400, ಷಟರ್ ಕಾಲು ಸೆಕೆಂಡು, ಇಲ್ಲಿಂದ ಶುರು ಮಾಡಿ ನೋಡಿ. ಎಳೆತ ನಿಧಾನವಾದ್ದರಿಂದ ಆ ಷಟರ್ ಸಾಕಾಗುತ್ತದೆ. ಎರಡು ನಿಮಿಷಕ್ಕೊಂದು ಚಿತ್ರ ಎಂದಿಟ್ಟುಕೊಂಡರೆ ಆರು ಗಂಟೆಗೆ 180 ಚಿತ್ರ.

ಬಿಟ್ಟ ಪೊರೆಯಂತೂ ನಿಧಿ. ಹೆಣ್ಣೋ ಗಂಡೋ ಎಂದು ಖಚಿತವಾಗಿ ಹೇಳುವ ದಾರಿ ಅದರಲ್ಲೇ ಇದೆ. ಹೊಟ್ಟೆಯ ಭಾಗದ ಪೊರೆಯನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಮೆತ್ತಗಾದ ಮೇಲೆ ಚಿತ್ರ ಬರೆಯುವ ಬ್ರಷ್‌ನಿಂದ ಬಿಡಿಸಿ, ಒಳಮೈ ಮೇಲೆ ಬರುವಂತೆ ಹರಡಿ. ಬಿಳಿಯ ನಾಲ್ಕು ತೇಪೆಗಳು ಕಾಣುತ್ತವೆ, ಅವೇ ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಉಸಿರಾಟದ ಅಂಗಗಳ, ಅಂದರೆ ಪುಸ್ತಕ-ಶ್ವಾಸಕೋಶಗಳ ಗುರುತು. ಮುಂದಿನ ಎರಡರ ನಡುವೆ ಒಂದು ಅಡ್ಡ ಗೆರೆ ಇರುತ್ತದೆ. ಹೆಣ್ಣಾದರೆ ಆ ಗೆರೆಗೆ ಅಂಟಿಕೊಂಡು ವೀರ್ಯ ಕೂಡಿಡುವ ಚೀಲದ ಒಳಪದರ ಎದ್ದು ನಿಂತಿರುತ್ತದೆ, ಜಾತಿಗೆ ತಕ್ಕಂತೆ ಒಂದೇ ಪಟ್ಟಿಯಾಗಿಯೋ ಎರಡು ಕವಲಾಗಿಯೋ. ಗಂಡಿನಲ್ಲಿ ಅದು ಇರುವುದಿಲ್ಲ. ತೀರ ಸಣ್ಣ ಮರಿಯ ಪೊರೆಯಲ್ಲಿ ಇದು ಬರಿಗಣ್ಣಿಗೆ ಸಿಗದು. ಗಾಜಿನ ಮೇಲೆ ಹರಡಿ, ಅಡಿಯಿಂದ ಬೆಳಕು ಕೊಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದು ಹಿಗ್ಗಿಸಿ ನೋಡಬೇಕು. ಲಿಂಗ ತಿಳಿಯುವುದು ಬರಿಯ ಕುತೂಹಲವಲ್ಲ. ಬ್ರಾಕಿಪೆಲ್ಮಾ ಕುಲದ ಹೆಣ್ಣು 20 ವರ್ಷಕ್ಕೂ ಮೀರಿ ಬದುಕುತ್ತದೆ, ಗಂಡು ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಒಂದೆರಡು ವರ್ಷ. ಉಳಿದ ಪೊರೆಯನ್ನು ಫ್ಲ್ಯಾಷ್ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ರೋಮ, ಹೊಳಪು ಜೀವಂತ ಜೇಡದವೇ, ಜೇಡಕ್ಕೆ ಮಾತ್ರ ತೊಂದರೆಯಿಲ್ಲ. ಆದರೆ ನವೆ ರೋಮ ಪೊರೆಯಲ್ಲೂ ಹಾಸಿನ ರೇಷ್ಮೆಯಲ್ಲೂ ಇರುತ್ತದೆ, ಕೈಗವಸು, ಕನ್ನಡಕ ಬೇಕೇ ಬೇಕು.

ಇನ್ನು ಕ್ಯಾಮೆರಾ. ಮ್ಯಾಕ್ರೋ ಎಂದ ಕೂಡಲೇ ಎಲ್ಲರೂ ಗರಿಷ್ಠ ಹಿಗ್ಗುವಿಕೆಗೆ ಹಾರುತ್ತಾರೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1 ಎಂದರೆ, ಅಂದರೆ ಸೆನ್ಸರಿನ ಮೇಲೆ ಜೇಡ ನಿಜ ಅಳತೆಯಲ್ಲೇ ಮೂಡಿದರೆ, ಚೌಕಟ್ಟಿನೊಳಗೆ ಸಿಗುವುದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಜಾಗ, ಎಫ್/8ರಲ್ಲಿ ಸ್ಪಷ್ಟವಾಗಿ ಬರುವ ಆಳ ಹೆಚ್ಚುಕಡಿಮೆ 1 ಮಿ.ಮೀ. ಕಣ್ಣಿನ ದಿಬ್ಬ ಸ್ಪಷ್ಟವಾದರೆ ದಂತದ ಬುಡ ಮಸುಕು. 1:2ಕ್ಕೆ ಇಳಿದರೆ ಆ ಆಳ ಸುಮಾರು 3 ಮಿ.ಮೀ., 1:4ರಲ್ಲಿ ಒಂದು ಸೆಂ.ಮೀ.ಗೆ ಹತ್ತಿರ. 1:4ರ ಚೌಕಟ್ಟು 14 ಸೆಂ.ಮೀ.ಗಿಂತ ತುಸು ಅಗಲ, ನಾವು ಮೇಲೆ ಹೇಳಿದ 12 ಸೆಂ.ಮೀ. ಜೇಡ ಪೂರ್ತಿ ಹಿಡಿಸುತ್ತದೆ. ಮೊದಲು ಇಡೀ ಜೇಡವನ್ನು ಸರಿಯಾಗಿ ತೆಗೆಯಲು ಕಲಿಯಿರಿ ಎನ್ನುವುದು ಇದಕ್ಕೇ. ಆಳ ಹೆಚ್ಚಲೆಂದು ಎಫ್/22ಕ್ಕೆ ಮುಚ್ಚುವುದೂ ಉಪಾಯವಲ್ಲ. 1:1ರಲ್ಲಿ ಲೆನ್ಸಿನ ಪರಿಣಾಮಕಾರಿ ರಂಧ್ರ ತೋರಿಸಿದ ಸಂಖ್ಯೆಯ ಎರಡರಷ್ಟಾಗುತ್ತದೆ: ಎಫ್/11 ಎಂದಿಟ್ಟದ್ದು ಎಫ್/22ರಂತೆ, ಎಫ್/16 ಎಂದಿಟ್ಟದ್ದು ಎಫ್/32ರಂತೆ ವರ್ತಿಸುತ್ತದೆ. ಬೆಳಕು ಅಂಚಿನಲ್ಲಿ ಚದುರಿ ರೋಮದ ಗೆರೆಗಳು ಕಲಸಿಹೋಗುತ್ತವೆ. ಎಫ್/8ರಿಂದ ಎಫ್/11ರೊಳಗೆ ಇರಿ.

ಲೆನ್ಸು ಕೊಳ್ಳುವವರು 60 ಮಿ.ಮೀ.ಗಿಂತ 100 ಮಿ.ಮೀ. ಮ್ಯಾಕ್ರೋ ಆರಿಸಲಿ. 100ರ ಲೆನ್ಸಿನಲ್ಲಿ 1:1ರಲ್ಲೂ ಮುಂದಿನ ಗಾಜಿನಿಂದ ಜೇಡಕ್ಕೆ 13-15 ಸೆಂ.ಮೀ. ಅಂತರ ಉಳಿಯುತ್ತದೆ. ಆ ಅಂತರದಲ್ಲೇ ಬೆಳಕು ಹೋಗಬೇಕು, ನಿಮ್ಮ ಮುಖವೂ ರೋಮದಿಂದ ದೂರವಿರಬೇಕು. ಮೊಬೈಲಿನಲ್ಲಿ ತೆಗೆಯುವವರು ತೀರ ಹತ್ತಿರ ಹೋಗುವ ಬದಲು ಎರಡು ಮೂರು ಪಟ್ಟು ಜೂಮ್ ಇರುವ ಲೆನ್ಸನ್ನೇ ಬಳಸಿ ದೂರದಿಂದ ತೆಗೆದರೆ ಜೇಡಕ್ಕೆ ನೆಮ್ಮದಿ, ಚಿತ್ರದಲ್ಲಿ ಕಾಲುಗಳೂ ವಿಕಾರವಾಗಿ ಉಬ್ಬುವುದಿಲ್ಲ.

ಬೆಳಕಿಗೆ ಫ್ಲ್ಯಾಷ್ ವಾಸಿ. ಹೊತ್ತುಗಟ್ಟಲೆ ಉರಿಯುವ ಬಿಸಿ ದೀಪಕ್ಕಿಂತ ಕ್ಷಣಮಾತ್ರದ ಮಿಂಚು ಜೇಡವನ್ನು ಕಡಿಮೆ ಕಾಡುತ್ತದೆ. ಕ್ಯಾಮೆರಾವನ್ನು ಐಎಸ್ಒ 200, 1/160 ಸೆಕೆಂಡಿಗೆ ಇಟ್ಟು, ಫ್ಲ್ಯಾಷನ್ನು ಕೈಯಿಂದಲೇ 1/16 ಅಥವಾ 1/32 ಶಕ್ತಿಗೆ ಇಳಿಸಿ. ಶಕ್ತಿ ಕಡಿಮೆಯಾದಷ್ಟೂ ಮಿಂಚು ಚುಟುಕಾಗುತ್ತದೆ, ಕೈನಡುಕ ಚಿತ್ರಕ್ಕೆ ಬರುವುದಿಲ್ಲ. ಬರಿಯ ಫ್ಲ್ಯಾಷ್ ಹೊಡೆದರೆ ಹೊಳಪಿನ ಚಿಪ್ಪಿನ ಮೇಲೆ ಬಿಳಿಯ ಕಲೆ, ಅದರಾಚೆ ಕಗ್ಗತ್ತಲು. ನಡುವೆ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಟ್ರೇಸಿಂಗ್ ಪೇಪರನ್ನು ಜೇಡದಿಂದ ಒಂದು ಗೇಣಿಗಿಂತ ಹತ್ತಿರದಲ್ಲಿ ಹಿಡಿಯಬೇಕು. ಚದುರಿಸುವ ಹಾಳೆ ಜೇಡಕ್ಕೆ ಹತ್ತಿರವಾದಷ್ಟೂ ನೆರಳು ಮೆದು. ರೋಮ ಎದ್ದು ಕಾಣಬೇಕಾದರೆ ಬೆಳಕು ಬದಿಯಿಂದಲೋ ತುಸು ಹಿಂದಿನಿಂದಲೋ ಬರಬೇಕು. ಕಪ್ಪು ಜೇಡ ಚೌಕಟ್ಟು ತುಂಬಿದಾಗ ಕ್ಯಾಮೆರಾ ತಾನೇ ಲೆಕ್ಕ ಹಾಕಿದರೆ ಅದನ್ನು ಬೂದಿಬಣ್ಣಕ್ಕೆ ತರುತ್ತದೆ. ಗ್ರಾಮೊಸ್ಟೋಲಾ ಪುಲ್ಕ್ರಾದ ಮಖಮಲ್ಲಿನ ಕಪ್ಪು ಉಳಿಯಬೇಕೆಂದರೆ ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧಕ್ಕೆ ತರುವುದು).

ನೀಲಿಯ ಕತೆ ಬೇರೆ. ಟರಂಟುಲಾಗಳ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ರೋಮದೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಹಿಂದಿರುಗಿಸುವ ಬಗೆಯಿಂದ ಬಂದದ್ದು. ಈ ನೀಲಿ ಬೇರೆ ಬೇರೆ ಕವಲುಗಳಲ್ಲಿ ಕನಿಷ್ಠ ಎಂಟು ಸಲ ಸ್ವತಂತ್ರವಾಗಿ ವಿಕಾಸವಾಗಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಂದ ಬೆಳಕಿನಲ್ಲಿ ಕಂದು ಅಥವಾ ಕಪ್ಪಾಗಿ ಕಾಣುವ ಜೇಡ ಫ್ಲ್ಯಾಷಿಗೆ ಉಜ್ವಲ ನೀಲಿಯಾಗುವುದು ಸಹಜ. ಅದನ್ನು ಮತ್ತೆ ಕಂಪ್ಯೂಟರಿನಲ್ಲಿ ಏರಿಸಿ ಕಣ್ಣು ಕುಕ್ಕುವಂತೆ ಮಾಡುವುದು ಕೊಳ್ಳುವವರಿಗೆ ಮಾಡುವ ಮೋಸ.

ಅಕ್ರಿಲಿಕ್ ಗೋಡೆಯ ಮೂಲಕ ತೆಗೆಯುವಾಗ ಪ್ರತಿಬಿಂಬ ದೊಡ್ಡ ತಲೆನೋವು. ಪ್ರತಿಬಿಂಬ ತಗ್ಗಿಸುವ ಪೋಲರೈಸರ್ ಎಂಬ ಫಿಲ್ಟರ್ ಹಾಕಿ ಎನ್ನುತ್ತಾರೆ. ಅದು ಪ್ರತಿಬಿಂಬವನ್ನು ಚೆನ್ನಾಗಿ ಕತ್ತರಿಸುವುದು ಗೋಡೆಗೆ ನೇರವಾಗಿ ನಿಂತಾಗಲ್ಲ, ಲಂಬದಿಂದ 56 ಡಿಗ್ರಿಯಷ್ಟು ಓರೆಯಾದಾಗ. ಅಷ್ಟು ಓರೆಯಾದರೆ ದಪ್ಪ ಅಕ್ರಿಲಿಕ್ ಚಿತ್ರವನ್ನೇ ಮಸುಕಾಗಿಸುತ್ತದೆ, ಮೇಲಾಗಿ ಒಂದೂವರೆ ಎರಡು ಸ್ಟಾಪ್ ಬೆಳಕೂ ಖರ್ಚು. ಅದರ ಬದಲು ರಬ್ಬರ್ ಹುಡ್ ಹಾಕಿದ ಲೆನ್ಸನ್ನು ಗೋಡೆಗೆ ನೇರವಾಗಿ, ಮೃದುವಾಗಿ ಆನಿಸಿ. ಫ್ಲ್ಯಾಷನ್ನು ಪಾರದರ್ಶಕ ಮುಚ್ಚಳದ ಮೇಲಿನಿಂದ ಕೆಳಮುಖವಾಗಿ ಕೊಡಿ, ಮುಂದಿನ ಗೋಡೆಯಲ್ಲಿ ಅದು ಪ್ರತಿಫಲಿಸುವ ಪ್ರಶ್ನೆಯೇ ಬರುವುದಿಲ್ಲ. ಅಕ್ರಿಲಿಕ್ ಒರೆಸಲು ನೀರಿನಲ್ಲಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ಒಣಬಟ್ಟೆ ಗೀರು ಹಾಕುತ್ತದೆ, ಸ್ಪಿರಿಟ್ ಇರುವ ಕ್ಲೀನರ್ ಸೂಕ್ಷ್ಮ ಬಿರುಕು ಹುಟ್ಟಿಸುತ್ತದೆ, ಅದರ ಆವಿ ಜೇಡಕ್ಕೂ ಒಳ್ಳೆಯದಲ್ಲ.

ಫೋಕಸ್ ಸ್ಟ್ಯಾಕಿಂಗ್, ಅಂದರೆ ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಬೆಸೆಯುವುದರ ಬಗ್ಗೆ ಕೇಳುವವರು ಬಹಳ. ಬಾಗಿಲಲ್ಲಿ ಕೂತ ಟರಂಟುಲಾ ಗಂಟೆಗಟ್ಟಲೆ ಅಲುಗಾಡದೆ ಇರಬಲ್ಲದು, ಹಾಗಾಗಿ ಜೀವಂತ ಪ್ರಾಣಿಯಲ್ಲೂ ಇದು ಸಾಧ್ಯ. 1:1ರಲ್ಲಿ ಎಫ್/8ಕ್ಕೆ ಆಳ 1 ಮಿ.ಮೀ. ಇರುವುದರಿಂದ ಪ್ರತಿ ಚಿತ್ರಕ್ಕೂ 0.6 ಮಿ.ಮೀ. ಮುಂದಕ್ಕೆ ಸರಿಯಿರಿ. 12 ಮಿ.ಮೀ. ಆಳದ ಮುಖಕ್ಕೆ 20 ಚಿತ್ರ. ನಡುವೆ ಒಂದು ಕಾಲು ಅಲುಗಿದರೆ ಆ ಸರಣಿ ಬಿಟ್ಟು ಇನ್ನೊಂದು ದಿನ ತೆಗೆಯಿರಿ. ಅಲುಗದಿರಲೆಂದು ಜೇಡವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆಯುವವರಿದ್ದಾರೆ. ಇದನ್ನು ಉಪಾಯವೆಂದು ಹೇಳಿಕೊಡುವವರೂ ಇದ್ದಾರೆ. ಇದು ಹಿಂಸೆ, ಬೇರೆ ಹೆಸರಿಲ್ಲ. ಪೊರೆ ಬಿಡುವ ಹೊತ್ತಿನ ಜೇಡಕ್ಕೆ ಇದೇ ಸಾವಾಗಬಹುದು. ಧೂಳು ಹೋಗಲೆಂದು ಉಸಿರು ಊದುವುದೂ ಬೇಡ. ಟರಂಟುಲಾಗೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ, ಕಾಲ ಮೇಲಿನ ಸೂಕ್ಷ್ಮ ರೋಮಗಳಿಗೆ ತಾಗುವ ಗಾಳಿಯ ಅಲುಗಾಟವೇ ಅದಕ್ಕೆ ಸುದ್ದಿ. ಊದಿದಿರೆಂದರೆ ಓಡುತ್ತದೆ ಅಥವಾ ಎರಗುತ್ತದೆ. ದಂತ ತೋರಿಸಿ ನಿಲ್ಲುವ ಚಿತ್ರಗಳಲ್ಲಿ ಬಹುಪಾಲು ಚಿಮಟದಿಂದ ತಿವಿದು ತೆಗೆದವು. ಚೌಕಟ್ಟಿನ ಅಂಚಿನಲ್ಲಿ ಚಿಮಟ ಕಾಣದಂತೆ ಕತ್ತರಿಸಿರುತ್ತಾರೆ, ಅಷ್ಟೆ.

ಮುಚ್ಚಳ ತೆರೆಯಲೇಬೇಕಾದ ದಿನ ಬಂದೇ ಬರುತ್ತದೆ. ತೆರೆಯುವ ಮೊದಲು ಜೇಡ ಎಲ್ಲಿದೆ ಎಂದು ಕಣ್ಣಾರೆ ನೋಡಿ. ಕಾಣದಿದ್ದರೆ ತೆರೆಯಬೇಡಿ. ಪೆಟ್ಟಿಗೆಯನ್ನು ಮೇಜಿನಿಂದ ನೆಲಕ್ಕೆ ಇಳಿಸಿ, ಕೋಣೆಯ ಬಾಗಿಲು ಹಾಕಿ, ಫ್ಯಾನ್ ಆರಿಸಿ. ಬದಿ ಪೂರ್ತಿ ಮುಚ್ಚುವ ಕನ್ನಡಕ ಹಾಕಿ. ಜೇಡದ ಕಾಲಗಲಕ್ಕಿಂತ ದೊಡ್ಡದಾದ ಪಾರದರ್ಶಕ ಡಬ್ಬಿ, ಅದರಡಿ ತೂರಿಸಲು ಗಟ್ಟಿ ರಟ್ಟು, ಮೆತ್ತನೆಯ ಬ್ರಷ್ ಇವು ಕೈಗೆಟಕುವಲ್ಲಿರಲಿ. ಇನ್ನೊಬ್ಬರು ಜೊತೆಗಿದ್ದರೆ ಒಳಿತು, ಕಣ್ಣು ವ್ಯೂಫೈಂಡರಿನಲ್ಲಿ ನೆಟ್ಟವರಿಗೆ ಜೇಡ ಹೊರಟದ್ದು ತಡವಾಗಿ ಗೊತ್ತಾಗುತ್ತದೆ. ಏಷ್ಯಾ, ಆಫ್ರಿಕಾದ ವೇಗದ ಜಾತಿಗಳನ್ನು ಚಿತ್ರಕ್ಕಾಗಿ ತೆರೆಯಲೇಬೇಡಿ. ರೋಮ ಕಣ್ಣಿಗೆ ಬಿತ್ತೆಂಬ ಅನುಮಾನ ಬಂದರೂ ಉಜ್ಜಬಾರದು. ಶುದ್ಧ ನೀರು ಹಾಯಿಸಿ ಅವತ್ತೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಟರಂಟುಲಾ ರೋಮ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಾಮೂಲಿ ಕಣ್ಣುಬೇನೆ ಎಂದು ಔಷಧಿ ಕೊಟ್ಟು ಕಳಿಸುವ ಸಾಧ್ಯತೆ ಇದೆ.

ಕೊನೆಯದಾಗಿ ಕಾಡಿನ ಜೇಡಗಳ ಮಾತು. ಆಂಧ್ರಪ್ರದೇಶದ ಪೂರ್ವಘಟ್ಟದ ಕಾಡಿನಲ್ಲಿ ವಾಸಿಸುವ ನೀಲಿಯ ಪೋಸಿಲೋಥೀರಿಯಾ ಮೆಟಾಲಿಕಾವನ್ನು 1899ರಲ್ಲಿ ವಿವರಿಸಿದ ಮೇಲೆ ಒಂದು ಶತಮಾನ ಯಾರೂ ಕಂಡಿರಲಿಲ್ಲ, 2001ರಲ್ಲಿ ಮತ್ತೆ ಸಿಕ್ಕಿತು. ಇಂದು ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಪ್ರಾಣಿ. ಪೋಸಿಲೋಥೀರಿಯಾ ಕುಲವನ್ನು 2019ರಲ್ಲಿ ಅಳಿವಿನ ಭೀತಿಯಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಮೆಕ್ಸಿಕೋದ ಬ್ರಾಕಿಪೆಲ್ಮಾ ಅದಕ್ಕಿಂತ ಬಹಳ ಮೊದಲೇ ಅಲ್ಲಿದೆ. ನಿಧಾನವಾಗಿ ಬೆಳೆಯುವ ಇಂಥ ಹೆಣ್ಣುಗಳನ್ನು ಕಾಡಿನಿಂದ ಎತ್ತಿದರೆ ಆ ಜಾಗದಲ್ಲಿ ಹೊಸ ಹೆಣ್ಣು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಆದ್ದರಿಂದ ಸಾಕುವವರು ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಯನ್ನು, ಕಾನೂನು ಕೇಳುವ ಕಾಗದಪತ್ರವಿದ್ದರೆ ಮಾತ್ರ ತರಬೇಕು. ಕಾಡಿನಲ್ಲಿ ಚಿತ್ರ ತೆಗೆಯುವವರು ಮೊಬೈಲಿನ ಜಿಪಿಎಸ್ ಗುರುತನ್ನು ಚಿತ್ರದಿಂದ ಅಳಿಸಿಯೇ ಹೊರಗೆ ಕೊಡಬೇಕು. ಆ ಒಂದು ಗುರುತು ಹಿಡಿದು ಮರದ ಪೊಟರೆ ಬಗೆಯಲು ಬರುವವರು ನಿಜವಾಗಿಯೂ ಇದ್ದಾರೆ.

ತಮ್ಮಲ್ಲಿ ನಮ್ಮ ಕೋರಿಕೆ ಮೂರು. ಅಂಗೈ ಮೇಲಿನ, ತಿವಿದು ಕೆರಳಿಸಿದ ಚಿತ್ರಗಳನ್ನು ದಯವಿಟ್ಟು ಪ್ರಕಟಿಸಬೇಡಿ. ಪ್ರಕಟಿಸುವ ಚಿತ್ರದ ಅಡಿ ಜೇಡದ ವೈಜ್ಞಾನಿಕ ಹೆಸರನ್ನೂ, ಅದು ಸಾಕಣೆಯಲ್ಲಿ ಹುಟ್ಟಿದ್ದೋ ಕಾಡಿನದೋ ಎಂಬುದನ್ನೂ ಛಾಯಾಗ್ರಾಹಕರಿಂದ ಕೇಳಿ ಹಾಕಿ. ಕಾಡಿನದಾದರೆ ಊರು, ಬೆಟ್ಟ, ಹಳ್ಳದ ಹೆಸರು ಬರೆಯದೆ ಜಿಲ್ಲೆಗಿಂತ ಹತ್ತಿರದ ಯಾವ ಸುಳಿವನ್ನೂ ಕೊಡಬೇಡಿ.

ಇಂತಿ,
ಟರಂಟುಲಾ ಸಾಕುವ, ಅವುಗಳ ಚಿತ್ರ ತೆಗೆಯುವ ಹವ್ಯಾಸಿಗಳು